ಬ್ಯಾರಿ ಎಂದರೆ ಆರು ಸಂಖ್ಯೆ: ನಮ್ಮ ಅಕ್ಷರಗಳಿಗೆ ಮನೆ ನಂಬರ್ ಸಿಕ್ಕಿದ ಕಥೆ

'ಬ್ಯಾರಿ' ಎಂದು ಕನ್ನಡದಲ್ಲಿ ಬರೆದರೆ ಕಣ್ಣಿಗೆ ಕಾಣುವುದು ಎರಡು ಅಕ್ಷರ. ಕಂಪ್ಯೂಟರಿಗೆ ಮಾತ್ರ ಅದು ಆರು ಸಂಖ್ಯೆ: 3244, 3277, 3247, 3262, 3248, 3263. ಮೊದಲನೆಯದು ಬ. ಎರಡನೆಯದು ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ. ಮೂರನೆಯದು ಯ, ನಾಲ್ಕನೆಯದು ಇಳಿ, ಐದನೆಯದು ರ, ಆರನೆಯದು ಗುಡಿಸು. ಮಂಗಳೂರಿನಲ್ಲಿ ಕೂತು ಬರೆದರೂ ದಮ್ಮಾಮಿನಲ್ಲಿ ಕೂತು ಓದಿದರೂ ಈ ಆರು ಸಂಖ್ಯೆ ಬದಲಾಗುವುದಿಲ್ಲ. ವಾಟ್ಸಾಪಿನಲ್ಲಿ ನಮ್ಮ ಉಮ್ಮಂದಿರು ಕಳಿಸುವ ಕನ್ನಡ ಸಂದೇಶ ಗಲ್ಫಿನಲ್ಲಿರುವ ಮಗನ ಮೊಬೈಲಿನಲ್ಲಿ ಹಾಗೆಯೇ ತೆರೆದುಕೊಳ್ಳುವುದು ಈ ಒಪ್ಪಂದದಿಂದ.

ಇದು ಸಣ್ಣ ವಿಷಯ ಅಂತ ಅನಿಸಬಹುದು. ಆದರೆ 25 ವರ್ಷಗಳ ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಜಮಾಅತಿನ ಸ್ಮರಣ ಸಂಚಿಕೆ, ಮದುವೆ ಕಾಗದ, ಕುಟುಂಬದ ವಂಶಾವಳಿ, ಅಜ್ಜಿಯಂದಿರಿಂದ ಕೇಳಿ ಬರೆದುಕೊಂಡ ಪಾಟ್‌ಗಳು - ಇವುಗಳ ಫೈಲು ಯಾರಲ್ಲಾದರೂ ಉಳಿದಿದ್ದರೆ ಇಂದಿನ ಮೊಬೈಲಿನಲ್ಲಿ ತೆರೆದು ನೋಡಿ. ಹೆಚ್ಚಿನವು ಓದಲು ಬರುವುದಿಲ್ಲ. ಫೈಲ್ ಹಾಳಾಗಿಲ್ಲ, ಅಕ್ಷರವೂ ಅಳಿದಿಲ್ಲ. ಆ ಕಾಲದಲ್ಲಿ ನಮ್ಮ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ವಿಳಾಸವನ್ನು ಯಾರೂ ಬಳಸುತ್ತಿರಲಿಲ್ಲ, ಅಷ್ಟೆ. ಆ ವಿಳಾಸ ಹೇಗೆ ಬಂತು, ಬರುವ ಮೊದಲು ಏನಾಯಿತು, ಈಗ ನಾವು ಏನು ಮಾಡಬೇಕು ಎನ್ನುವುದೇ ಈ ಬರಹ.

128 ಕೋಣೆಗಳ ಮನೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಮೊದಲೇ ತೀರ್ಮಾನ ಆಗಬೇಕು. ಅಮೆರಿಕದವರು 1963ರಲ್ಲಿ ಆ್ಯಸ್ಕಿ ಎಂಬ ಪಟ್ಟಿ ಮಾಡಿದರು. ಅದರಲ್ಲಿ 128 ಜಾಗ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚುಕ್ಕೆ, ಕಂಸ, ಡಾಲರ್ ಚಿಹ್ನೆ, ಜೊತೆಗೆ ಯಂತ್ರಕ್ಕೆ ಕೊಡುವ ಕೆಲವು ಆಜ್ಞೆ - ಇಷ್ಟಕ್ಕೇ ಮನೆ ತುಂಬಿತು.

ಈ ಕೆಲಸ ವರ್ಕ್‌ಶಾಪಿನವರಿಗೆ ಬೇಗ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಒಂದೊಂದು ಕಾರ್ಖಾನೆ ತನಗೆ ತೋಚಿದ ಹಾಗೆ ಬೋಲ್ಟಿನ ತ್ರೆಡ್ ಕೊರೆಯುತ್ತಿತ್ತು. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಒಂದೇ ಅಳತೆ ಇರಲಿ ಎಂದು ಪಟ್ಟಿ ಮುಂದಿಟ್ಟ. ಅದರಿಂದ ಯಾರ ಬೋಲ್ಟೂ ಹೆಚ್ಚು ಗಟ್ಟಿಯಾಗಲಿಲ್ಲ. ಆದರೆ ಅಂಗಡಿಯಲ್ಲಿ ಅಳತೆ ಹೇಳಿ ನಟ್ಟು ಕೇಳುವ ಹಾಗಾಯಿತು. ಅಕ್ಷರಕ್ಕೂ ಬೇಕಾದದ್ದು ಇಂಥದೇ ಒಪ್ಪಂದ.

ಆ್ಯಸ್ಕಿಯಲ್ಲಿ ಫ್ರೆಂಚರ ಗೀಟು ಹಾಕಿದ ಅಕ್ಷರಕ್ಕೂ ಜಾಗ ಇರಲಿಲ್ಲ, ಬ್ರಿಟಿಷರ ಪೌಂಡ್ ಚಿಹ್ನೆಗೂ ಜಾಗ ಇರಲಿಲ್ಲ. ಮುಂದೆ ಪಟ್ಟಿಯನ್ನು 256 ಜಾಗಕ್ಕೆ ಹಿಗ್ಗಿಸಿದರು. ಮೇಲಿನ 128 ಜಾಗದಲ್ಲಿ ಒಂದೊಂದು ದೇಶದವರು ಒಂದೊಂದು ಬಗೆಯ ಅಕ್ಷರ ಇಟ್ಟುಕೊಂಡರು. ನಮ್ಮ ದೇಶವೂ ಹಾಗೆಯೇ ಮಾಡಿತು. ಇಸ್ಕಿ ಎಂಬ ಭಾರತೀಯ ಪಟ್ಟಿಯನ್ನು 1991ರಲ್ಲಿ ಭಾರತೀಯ ಮಾನಕ ಸಂಸ್ಥೆ 13194ನೇ ಮಾನಕವಾಗಿ ಹೊರತಂದಿತು. ಅದರಲ್ಲಿ ಒಂದು ಜಾಣತನ ಇತ್ತು: ಕನ್ನಡದ ಕ, ಮಲಯಾಳದ ಕ, ಹಿಂದಿಯ ಕ - ಎಲ್ಲಕ್ಕೂ ಒಂದೇ ಸ್ಥಾನ. ಧ್ವನಿ ಒಂದೇ ಆದರೆ ಸ್ಥಾನವೂ ಒಂದೇ. ಯಾವ ಲಿಪಿಯಲ್ಲಿ ತೋರಿಸಬೇಕು ಎಂಬುದು ಬೇರೆ ಆಜ್ಞೆ.

ವೆಬ್ ಪುಟದ ಮೂರು ಗುರುತುಗಳು

ಟಿಮ್ ಬರ್ನರ್ಸ್-ಲೀ ಸ್ವಿಟ್ಜರ್‌ಲ್ಯಾಂಡಿನ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ಕಟ್ಟಿದ್ದೂ ಸುಮಾರು ಇದೇ ಹೊತ್ತಿಗೆ, 1989ರಿಂದ 1991ರ ನಡುವೆ. ವೆಬ್ ಪುಟ ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಅದರಲ್ಲಿ ಬರಹದ ನಡುವೆಯೇ ಬ್ರೌಸರಿಗೆ ಸೂಚನೆ ಕೊಡಬೇಕು: ಇದು ಶೀರ್ಷಿಕೆ, ಇದು ದಪ್ಪ ಅಕ್ಷರ, ಇಲ್ಲಿ ಚಿತ್ರ. ಸೂಚನೆ ಯಾವುದು, ಬರಹ ಯಾವುದು ಎಂದು ಬೇರೆ ಮಾಡಲು < ಮತ್ತು > ಎಂಬ ಎರಡು ಗುರುತುಗಳನ್ನು ಮೀಸಲಿಟ್ಟರು.

ಆಗ ಹೊಸ ತೊಂದರೆ ಬಂತು. 5 < 10 ಎಂದು ಲೆಕ್ಕ ಬರೆಯಬೇಕಾದರೆ ಏನು ಮಾಡುವುದು? ಬ್ರೌಸರ್ ಅದನ್ನು ಸೂಚನೆ ಎಂದು ತಿಳಿದೀತು. ಅದಕ್ಕೆ ಮೂರನೆಯ ಗುರುತು: &. 'ಇಲ್ಲಿಂದ ಒಂದು ಅಕ್ಷರದ ವಿಳಾಸ ಶುರು' ಎಂದು ಅದರ ಅರ್ಥ. ಅದರ ನಂತರ # ಹಾಕಿ, ಅಕ್ಷರದ ಸಂಖ್ಯೆ ಬರೆದು, ಕೊನೆಗೆ ಅರ್ಧವಿರಾಮ ಇಟ್ಟರೆ ವಿಳಾಸ ಮುಗಿಯಿತು. &#60; ಎಂದು ಬರೆದರೆ ಓದುವವರಿಗೆ < ಕಾಣುತ್ತದೆ. > ಬೇಕಾದರೆ &#62; ಬರೆಯಬೇಕು. ಇನ್ನು & ಎಂಬುದೇ ಬೇಕಾದರೆ ಅದಕ್ಕೂ &#38; ಎಂದೇ ಬರೆಯಬೇಕು. ಬಾಗಿಲು ಕಾಯುವವನೂ ಒಳಗೆ ಹೋಗಬೇಕಾದರೆ ಹೆಸರು ಬರೆಸಬೇಕು ಎಂಬ ಹಾಗೆ. ಈ ಪದ್ಧತಿ ವೆಬ್‌ಗಿಂತಲೂ ಹಳೆಯದು, 1986ರ ಎಸ್‌ಜಿಎಂಎಲ್ ಎಂಬ ಮಾನಕದಿಂದ ಬಂದದ್ದು.

ಆದರೆ 1995ರ ಎರಡನೇ ಆವೃತ್ತಿಯ ಎಚ್‌ಟಿಎಂಎಲ್‌ವರೆಗೂ ಈ ವಿಳಾಸಗಳು ಪಶ್ಚಿಮ ಯುರೋಪಿನ 256ರ ಪಟ್ಟಿಯೊಳಗೇ ಸುತ್ತುತ್ತಿದ್ದವು. ಅದರಲ್ಲಿ ಕನ್ನಡ ಇಲ್ಲ, ಮಲಯಾಳ ಇಲ್ಲ, ಅರಬಿಯೂ ಇಲ್ಲ. 1997ರ ಡಿಸೆಂಬರಿನಲ್ಲಿ ಬಂದ ನಾಲ್ಕನೇ ಆವೃತ್ತಿ ಜಗತ್ತಿನ ಎಲ್ಲ ಲಿಪಿಗಳ ಪಟ್ಟಿಯನ್ನೇ ತನ್ನ ಪಟ್ಟಿ ಎಂದು ಒಪ್ಪಿಕೊಂಡಿತು. ಅಂದಿನಿಂದ &#3244; ಎಂದು ಬರೆದರೆ ಬ ಎಂದೇ ಅರ್ಥ, ಲೋಕದ ಯಾವ ಮೂಲೆಯಲ್ಲೂ.

ಇಂಗ್ಲಿಷ್ ಅಂಗಿ ತೊಟ್ಟ ಕನ್ನಡ

ಹಾಗಾದರೆ ನಮ್ಮ ಹಳೆಯ ಫೈಲುಗಳು ಯಾಕೆ ಓದಲು ಬರುವುದಿಲ್ಲ? ಕಾಗದದ ಮೇಲೆ ಒಪ್ಪಂದ ಆದರೂ ಕಂಪ್ಯೂಟರಿಗೆ ಒತ್ತಕ್ಷರ ಕಟ್ಟಲು ಬರುತ್ತಿರಲಿಲ್ಲ. ಕ ಮತ್ತು ಷ ಸೇರಿ ಕ್ಷ ಆಗಬೇಕು, ರ ಹಿಂದೆ ಹೋಗಿ ಅರ್ಕಾವತ್ತು ಆಗಬೇಕು, ಗುಡಿಸು ಬಂದಾಗ ಅಕ್ಷರದ ತಲೆ ಬದಲಾಗಬೇಕು. ಈ ಬುದ್ಧಿ ವಿಂಡೋಸಿಗೆ ಕನ್ನಡದ ಮಟ್ಟಿಗೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಎಂಬ ಫಾಂಟಿನ ಜೊತೆ.

ಅಲ್ಲಿಯವರೆಗೆ ಕಾಯುವ ಹಾಗಿರಲಿಲ್ಲ. ಪತ್ರಿಕೆ ಬರಬೇಕು, ಪುಸ್ತಕ ಬರಬೇಕು, ಮದುವೆ ಕಾಗದ ಬರಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆ ರೂಪಿಸಿ, 'ಸೇಡಿಯಾಪು' ಎಂಬ ತಂತ್ರಾಂಶ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ' ಮಾಡಿತು. ಶ್ರೀಲಿಪಿ, ಆಕೃತಿ ಮುಂತಾದವು ಮುದ್ರಣಾಲಯಗಳಲ್ಲಿ ನಡೆದವು. ಇವರೆಲ್ಲರ ಉಪಕಾರ ದೊಡ್ಡದು. ಇವರಿಲ್ಲದಿದ್ದರೆ ಹತ್ತು ಹದಿನೈದು ವರ್ಷಗಳ ಕನ್ನಡ ಮುದ್ರಣ ನಡೆಯುತ್ತಲೇ ಇರಲಿಲ್ಲ.

ಆದರೆ ಉಪಾಯ ಒಂದೇ ಆಗಿತ್ತು: ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಹಾಗೆಯೇ ಇಟ್ಟು, ಫಾಂಟಿನಲ್ಲಿ ಅದರ ಚಿತ್ರವನ್ನು ಮಾತ್ರ ಕನ್ನಡಕ್ಕೆ ಬದಲಾಯಿಸುವುದು. ನುಡಿಯಲ್ಲಿ 'ಕನ್ನಡ' ಎಂದು ಟೈಪ್ ಮಾಡಿ ಫಾಂಟ್ ತೆಗೆದು ನೋಡಿದರೆ ಏಳು ಗುರುತು ಕಾಣುತ್ತವೆ: ಪಿ, ತಲೆಯ ಮೇಲೆ ಓರೆಗೀಟಿನ ದೊಡ್ಡ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಕ್ಯು, ಮತ್ತೆ ಗೀಟಿನ ಎ. ಆ ಗೀಟಿನ ಎ ನಮ್ಮ ತಲೆಕಟ್ಟು. ಪೌಂಡ್ ಚಿಹ್ನೆ ತಲೆಕಟ್ಟಿಲ್ಲದ ನ. ಜರ್ಮನ್ ಎಸ್ ನ ಒತ್ತು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಗುರುತುಗಳು ಕನ್ನಡದ ಅಂಗಿ ತೊಟ್ಟು ನಿಂತಿವೆ.

ಅಂಗಿ ಇರುವವರೆಗೆ ಎಲ್ಲ ಸರಿ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ಬಯಲು. 2000ದ ಸುಮಾರಿಗೆ ಕನ್ನಡ ಪತ್ರಿಕೆಗಳ ವೆಬ್ ಪುಟ ತೆರೆದರೆ ಮೊದಲು 'ಫಾಂಟ್ ಡೌನ್‌ಲೋಡ್ ಮಾಡಿಕೊಳ್ಳಿ' ಎಂದು ಬರುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು. ಒಂದು ಪತ್ರಿಕೆಗೆ ಒಂದು ಫಾಂಟ್. ಅದರೊಳಗೆ ಹುಡುಕಲು ಆಗುತ್ತಿರಲಿಲ್ಲ. ವಿಟ್‌ವರ್ತ್‌ಗಿಂತ ಮೊದಲಿನ ಬೋಲ್ಟಿನ ಕಥೆಯೇ.

ಗಡಿಯಲ್ಲಿ ಅಕ್ಕಪಕ್ಕದ ಮನೆ

ಯುನಿಕೋಡ್‌ನ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಬಂತು. ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ, ಆ ಸಂಖ್ಯೆ ಇನ್ನಾರಿಗೂ ಇಲ್ಲ ಎಂಬುದು ಅದರ ತತ್ವ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಸಿಕ್ಕಿತು. ಅದರ ಪಕ್ಕದಲ್ಲೇ, 3328ರಿಂದ 3455ರವರೆಗೆ, ಮಲಯಾಳ. ನಕ್ಷೆಯಲ್ಲಿ ತಲಪಾಡಿ ದಾಟಿದರೆ ಮಂಜೇಶ್ವರ ಇದ್ದ ಹಾಗೆ.

ಇಸ್ಕಿಯ ಕ್ರಮವನ್ನೇ ಯುನಿಕೋಡ್ ಉಳಿಸಿಕೊಂಡ ಕಾರಣ ಇನ್ನೊಂದು ಸಂಗತಿ ಉಂಟು. ಕನ್ನಡದ ಕ 3221, ಮಲಯಾಳದ ಕ 3349. ಕನ್ನಡದ ಬ 3244, ಮಲಯಾಳದ ಬ 3372. ಕನ್ನಡದ ಸಂಖ್ಯೆಗೆ 128 ಕೂಡಿಸಿದರೆ ಮಲಯಾಳ ಬಂತು! 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಒಂದೇ ಕುಟುಂಬದಲ್ಲಿ ಅಣ್ಣನ ಮಕ್ಕಳು ಕನ್ನಡ ಶಾಲೆಗೆ, ತಂಗಿಯ ಮಕ್ಕಳು ಮಲಯಾಳ ಶಾಲೆಗೆ ಹೋಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಒಂದೇ ಬ್ಯಾರಿ ಮಾತನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ ಬರೆಯುತ್ತಾರೆ. ಅವರಿಬ್ಬರ ನಡುವೆ ಇರುವ ದೂರ, ಕಂಪ್ಯೂಟರಿನ ಲೆಕ್ಕದಲ್ಲಿ, ಬಹುಪಾಲು ಅಕ್ಷರಗಳಿಗೆ 128 ಮಾತ್ರ. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸುವ ತಂತ್ರಾಂಶಗಳಿಗೆ ಕೆಲಸ ಹಗುರಾದದ್ದು ಹೀಗೆ.

ಎಲ್ಲವೂ ಹೀಗೆ ಸರಿಹೊಂದುವುದಿಲ್ಲ. ಮಲಯಾಳದಲ್ಲಿ ಮಳೆಗೆ ಹೇಳುವ ಮಾತಿನ ಕೊನೆಯ ಧ್ವನಿ, ಹಳಗನ್ನಡದ ೞ. ಮಲಯಾಳದಲ್ಲಿ ಅದು 3380ನೇ ಮನೆಯಲ್ಲಿದೆ. ಕನ್ನಡದಲ್ಲಿ ಅದರ ಜೋಡಿ ಮನೆ 3252 ಇಂದಿಗೂ ಖಾಲಿ. ಕನ್ನಡದ ೞ ದೂರ ಹೋಗಿ 3294ರಲ್ಲಿ ಕೂತಿದೆ. ಅಷ್ಟೇ ಅಲ್ಲ, ಪಟ್ಟಿ ಮಾಡಿದವರು ಅದನ್ನು ತಪ್ಪಾಗಿ 'ಕನ್ನಡದ ಫ' ಎಂಬ ಅರ್ಥದ ಹೆಸರಿನಲ್ಲಿ ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವುದಿಲ್ಲ ಎಂಬುದು ಯುನಿಕೋಡಿನ ನಿಯಮ. ಆದ್ದರಿಂದ ಆ ತಪ್ಪು ಹೆಸರು ಈಗಲೂ ಇದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಿದ್ದಾರೆ. ಕಚೇರಿಯ ದಾಖಲೆಯಲ್ಲಿ ಹೆಸರು ತಪ್ಪಾಗಿ, 'ಯಾನೆ' ಎಂದು ಸೇರಿಸಿಕೊಂಡು ಬದುಕುವ ನಮ್ಮ ಹಿರಿಯರಿಗೆ ಇದು ಹೊಸತಲ್ಲ.

ಝ, ನುಕ್ತ ಮತ್ತು ಕಾಣದ ಒಂದು ಅಕ್ಷರ

ನಮ್ಮ ಹೆಸರುಗಳು ಅರಬಿಯವು, ಬರೆಯುವ ಅಕ್ಷರ ಕನ್ನಡದ್ದು. ಅರಬಿಯ ಎಷ್ಟೋ ಧ್ವನಿಗಳಿಗೆ ಕನ್ನಡದಲ್ಲಿ ಅಕ್ಷರ ಇಲ್ಲ. ಈ ಸಮಸ್ಯೆ ನಮಗೆ ಹೊಸದಲ್ಲ, ಕಂಪ್ಯೂಟರಿನಿಂದ ಬಂದದ್ದೂ ಅಲ್ಲ. ಮಾಪಿಳ್ಳೆಯವರು ತಮ್ಮ ಮಾತನ್ನು ಅರಬಿ ಅಕ್ಷರದಲ್ಲಿ ಬರೆಯಲು ಹೊರಟಾಗ ಇದೇ ತೊಂದರೆ ತಿರುಗಿ ಬಂದಿತ್ತು: ಅರಬಿಯಲ್ಲಿ ಪ ಇಲ್ಲ, ಚ ಇಲ್ಲ. ಅವರು ಇದ್ದ ಅಕ್ಷರಕ್ಕೆ ಚುಕ್ಕೆ ಗುರುತು ಸೇರಿಸಿ ಅರಬಿ ಮಲಯಾಳ ಮಾಡಿಕೊಂಡರು. ಕಲ್ಲಿಕೋಟೆಯ ಖಾಝಿ ಮುಹಮ್ಮದರ ಮುಹ್‌ಯಿದ್ದೀನ್ ಮಾಲೆ 1607ರದ್ದು. ಅದೇ ಬರಹ ಮದ್ರಸಗಳ ಮೂಲಕ ನಮ್ಮ ಮನೆಗಳಿಗೂ ಬಂತು.

ಕನ್ನಡದಲ್ಲಿ ನಮ್ಮವರು ಕಂಡುಕೊಂಡ ದಾರಿ ಝ. ಕನ್ನಡದ ಮಾತಿನಲ್ಲಿ ಅಪರೂಪಕ್ಕೆ ಬರುವ ಈ ಅಕ್ಷರವನ್ನು ಕರಾವಳಿಯ ಮುಸ್ಲಿಮರು ಕೆಲಸಕ್ಕೆ ಹಚ್ಚಿದರು: ಅಝೀಝ್, ಝುಬೈದಾ, ಝಕರಿಯಾ. ಇನ್ನೊಂದು ದಾರಿ ನುಕ್ತ: ಜ ಅಕ್ಷರದ ಕೆಳಗೆ ಎರಡು ಚುಕ್ಕೆ ಇಟ್ಟು ಜ಼. ಈ ನುಕ್ತಕ್ಕೆ ಯುನಿಕೋಡಿನ ಕನ್ನಡ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ, ಅದರ ಸಂಖ್ಯೆ 3260.

ಈಗ ಕಂಪ್ಯೂಟರಿನ ಕಣ್ಣಿನಿಂದ ನೋಡಿ. ಅಝೀಝ್ ಎಂದರೆ 3229ರ ಹೆಸರು. ಅಜೀಜ್ ಎಂದರೆ 3228ರ ಹೆಸರು. ನುಕ್ತ ಹಾಕಿದರೆ 3228ರ ಜೊತೆ 3260. ಮಂಜೇಶ್ವರದಲ್ಲಿ ಮಲಯಾಳದಲ್ಲಿ ಬರೆದರೆ ಅಲ್ಲಿ ಝ ಬಳಸುವುದಿಲ್ಲ, 'ಅಸೀಸ್' ಎಂದು ಬರೆಯುತ್ತಾರೆ. ಮನುಷ್ಯ ಒಬ್ಬ, ಯಂತ್ರಕ್ಕೆ ನಾಲ್ವರು. ಹೆಸರು ಸರಿಹೊಂದುವುದಿಲ್ಲ ಎಂದು ಅರ್ಜಿ ವಾಪಸ್ ಬಂದಾಗ ಅದರ ಹಿಂದೆ ಯಾರದೋ ಹಗೆತನ ಇರಬೇಕೆಂದಿಲ್ಲ, ಕೆಲವು ಸಲ ಇಷ್ಟೇ ಇರುತ್ತದೆ. ಆದ್ದರಿಂದ ಮಕ್ಕಳ ಹೆಸರು ಮೊದಲ ಸಲ ಬರೆಸುವಾಗಲೇ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದೊಂದು ರೂಪ ಗಟ್ಟಿ ಮಾಡಿಕೊಂಡು, ಎಲ್ಲ ದಾಖಲೆಗೂ ಅದನ್ನೇ ಕೊಡುವುದು ಒಳ್ಳೆಯದು.

ಇನ್ನು ಕಾಣದ ಅಕ್ಷರ. ಬ್ಯಾರಿ ಮತ್ತು ಅರಬಿ ಪದಗಳು ಅರ್ಧಾಕ್ಷರದಲ್ಲಿ ಮುಗಿಯುವುದು ಹೆಚ್ಚು: ಮಸ್ಜಿದ್, ನಿಕಾಹ್, ಪಾಟ್. ಇವುಗಳಿಗೆ ಕನ್ನಡದ ಪ್ರತ್ಯಯ ಸೇರಿಸಿದರೆ ಕಂಪ್ಯೂಟರ್ ಸುಮ್ಮನಿರುವುದಿಲ್ಲ, ಒತ್ತು ಕಟ್ಟುತ್ತದೆ. 'ಮಸ್ಜಿದ್ನಲ್ಲಿ' ಎಂದಾಗುತ್ತದೆ. ನಮಗೆ ಬೇಕಾದದ್ದು 'ಮಸ್ಜಿದ್‌ನಲ್ಲಿ'. ಎರಡರ ನಡುವಿನ ವ್ಯತ್ಯಾಸ ಒಂದು ಅಕ್ಷರ, ಸಂಖ್ಯೆ 8204. ಅದಕ್ಕೆ ಆಕಾರ ಇಲ್ಲ, ಅಗಲ ಇಲ್ಲ. 'ಇಲ್ಲಿ ಕೂಡಿಸಬೇಡ' ಎಂದು ಹೇಳುವುದಷ್ಟೇ ಅದರ ಕೆಲಸ. ಕೂಡಿಸುವ ಆಜ್ಞೆಗೆ 8205. ಕೆಲವು ತಂತ್ರಾಂಶಗಳು ಬರಹವನ್ನು ಸಾಗಿಸುವಾಗ ಕಾಣದ ಅಕ್ಷರ ಎಂದು ಇವನ್ನು ಕಸದ ಹಾಗೆ ಗುಡಿಸಿ ಹಾಕುತ್ತವೆ. ಕರೆಯೋಲೆಯಲ್ಲಿ 'ನಿಕಾಹ್‌ಗೆ' ಇದ್ದದ್ದು 'ನಿಕಾಹ್ಗೆ' ಆಗುವುದು ಅದರಿಂದ. ಮುದ್ರಣಕ್ಕೆ ಕೊಡುವ ಮೊದಲು ಇಂಥ ಪದಗಳನ್ನು ಒಮ್ಮೆ ಕಣ್ಣಾಡಿಸಬೇಕು.

ಒಂದೇ ಸಂಖ್ಯೆಯಲ್ಲಿ ಸಲಾತ್

ಪ್ರವಾದಿಯವರ ಹೆಸರಿನ ನಂತರ ನಾವು ಕನ್ನಡದಲ್ಲಿ (ಸ) ಎಂದು ಬರೆಯುತ್ತೇವೆ. ಹಳೆಯ ಫಾಂಟುಗಳ ಕಾಲದಲ್ಲಿ ಒಂದೇ ಸಾಲಿನಲ್ಲಿ ಕನ್ನಡವನ್ನೂ ಅರಬಿಯನ್ನೂ ಇಡುವುದು ದೊಡ್ಡ ತಲೆನೋವು, ಆದ್ದರಿಂದ ಈ ಚಿಕ್ಕ ರೂಪ ಅನುಕೂಲವೂ ಆಗಿತ್ತು. ಯುನಿಕೋಡಿನಲ್ಲಿ 'ಸಲ್ಲಲ್ಲಾಹು ಅಲೈಹಿ ವಸಲ್ಲಂ' ಎಂಬ ಪೂರ್ತಿ ವಾಕ್ಯಕ್ಕೆ ಒಂದೇ ಸಂಖ್ಯೆ ಇದೆ: 65018. ಅದನ್ನು ಬಿಡಿಸಿ ಬರೆದರೆ ನಡುವಿನ ಖಾಲಿ ಜಾಗವೂ ಸೇರಿ 18 ಅಕ್ಷರ. ಇಡೀ ಬಿಸ್ಮಿಲ್ಲಾಹಿಗೆ 65021, ಅದು 2003ರಲ್ಲಿ ಸೇರಿತು.

ವೆಬ್ ಪುಟದಲ್ಲಿ &#65018; ಎಂದು ಬರೆದರೆ ಕನ್ನಡದ ಸಾಲಿನ ನಡುವೆಯೇ ಸಲಾತ್ ಬರುತ್ತದೆ. ಆದರೆ ಎರಡು ಮಾತು ನೆನಪಿಡಬೇಕು. ಮೊಬೈಲಿನ ಫಾಂಟಿನಲ್ಲಿ ಆ ಚಿತ್ರ ಇಲ್ಲದಿದ್ದರೆ ಬರೀ ಚೌಕ ಕಾಣುತ್ತದೆ. ಸಣ್ಣ ಅಕ್ಷರದಲ್ಲಿ ಇಟ್ಟರೆ ಅದರೊಳಗಿನ ಗೀಟುಗಳು ಒಂದಕ್ಕೊಂದು ಅಂಟಿ ಮಸಿಯ ಚುಕ್ಕೆಯ ಹಾಗೆ ಆಗುತ್ತದೆ. ಅದಬ್ ಕಾಪಾಡಲು ಮಾಡಿದ್ದು ಓದಲೇ ಬಾರದ ಹಾಗಾದರೆ ಏನು ಫಲ? ಆ ಜಾಗದಲ್ಲಿ (ಸ) ಎಂಬುದೇ ಚೆನ್ನಾಗಿ ನಡೆಯುತ್ತದೆ.

ಮಂಗಳೂರಿನ ರೂಪಾಯಿ

ಅಂಗಡಿಯವರ ಮನೆಯಲ್ಲಿ ಹುಟ್ಟಿದವನಿಗೆ ರೂಪಾಯಿಯ ಗುರುತಿನ ಕಥೆ ಬಿಡಲು ಮನಸ್ಸಾಗುವುದಿಲ್ಲ. ಹಳೆಯ ಲೆಕ್ಕಪುಸ್ತಕದಲ್ಲಿ 'ರೂ.' ಎಂದು ಬರೆದು ಅಡ್ಡಗೀಟು ಎಳೆದರೆ ಮುಗಿಯಿತು. 2010ರ ಜುಲೈ 15ರಂದು ಕೇಂದ್ರ ಸಚಿವ ಸಂಪುಟ ಡಿ. ಉದಯ ಕುಮಾರ್ ರಚಿಸಿದ ₹ ಗುರುತನ್ನು ಒಪ್ಪಿತು. ಗುರುತು ಬಂತು, ಟೈಪ್ ಮಾಡಲು ಕೀಲಿ ಎಲ್ಲಿದೆ?

ಆಗ ಮಂಗಳೂರಿನ ಫೋರೇಡಿಯನ್ ಎಂಬ ಕಂಪೆನಿ ಕೆಲವೇ ದಿನಗಳಲ್ಲಿ ಒಂದು ಉಚಿತ ಫಾಂಟ್ ಬಿಟ್ಟಿತು. ಕೀಬೋರ್ಡಿನಲ್ಲಿ ಟ್ಯಾಬ್ ಕೀಲಿಯ ಮೇಲೆ ಇರುವ, ಯಾರೂ ಹೆಚ್ಚು ಬಳಸದ ಓರೆಗೀಟಿನ ಜಾಗದಲ್ಲಿ ₹ ಚಿತ್ರವನ್ನು ಕೂರಿಸಿದ್ದರು. ದೇಶವಿಡೀ ಜನ ಅದನ್ನು ಇಳಿಸಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಯುನಿಕೋಡ್ ಆರನೇ ಆವೃತ್ತಿ ₹ ಗುರುತಿಗೆ 8377 ಎಂಬ ಸ್ವಂತ ಸಂಖ್ಯೆ ಕೊಟ್ಟಿತು.

ಈ ಕಥೆಯಲ್ಲಿ ನಮ್ಮ ಇಡೀ ವಿಷಯ ಅಡಗಿದೆ. ಫಾಂಟಿನ ಉಪಾಯ ಕೂಡಲೇ ಸಿಗುತ್ತದೆ, ಸಂಖ್ಯೆಗೆ ಕಾಯಬೇಕಾಗುತ್ತದೆ. ಆ ಫಾಂಟ್ ಬಳಸಿ ಬರೆದ ಬಿಲ್ಲು ಇಂದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ₹ ಇದ್ದ ಕಡೆ ಬರೀ ಓರೆಗೀಟು. 8377 ಬಳಸಿ ಬರೆದದ್ದು ಹಾಗೆಯೇ ಇದೆ. ಬಿಲ್ಲಿನಲ್ಲಿ ಒಂದು ಗುರುತು ಹೋದರೆ ನಷ್ಟ ಇಲ್ಲ. ಇಡೀ ಪುಸ್ತಕವೇ ಹಾಗೆ ಬರೆದದ್ದಾದರೆ?

ಹಾಳಾದ ಬರಹವನ್ನು ಗುರುತಿಸುವುದು

ಹಳೆಯ ಫೈಲ್ ತೆರೆದಾಗ ಕಾಣುವ ಕಸ ಎಲ್ಲವೂ ಒಂದೇ ಅಲ್ಲ. ನಾಲ್ಕು ಬಗೆ ಇವೆ.

ಬರೀ ಚೌಕ ಕಂಡರೆ ಚಿಂತೆ ಬೇಡ. ಸಂಖ್ಯೆಗಳು ಸರಿ ಇವೆ, ಫಾಂಟ್ ಇಲ್ಲ. ಕನ್ನಡ ಫಾಂಟ್ ಹಾಕಿದರೆ ಸರಿಯಾಗುತ್ತದೆ.

ತಲೆಗೀಟಿನ ಸಣ್ಣ ಎ ಮೂರು ಮೂರು ಗುರುತಿಗೊಮ್ಮೆ ಮತ್ತೆ ಮತ್ತೆ ಬಂದರೂ ಚಿಂತೆ ಬೇಡ. ಇದಕ್ಕೆ ಕಾರಣ ಯುಟಿಎಫ್-8. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದ ಪದ್ಧತಿ ಅದು. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ. ಯುರೋಪಿನ ಪಟ್ಟಿ ಹಿಡಿದು ಓದಿದರೆ ಆ ಬೈಟ್ ತಲೆಗೀಟಿನ ಸಣ್ಣ ಎ ಆಗಿ ಕಾಣುತ್ತದೆ. ಬರಹ ಯುಟಿಎಫ್-8 ಎಂದು ಬ್ರೌಸರಿಗೆ ಹೇಳಿದರೆ ಸಾಕು, ಕನ್ನಡ ಮರಳುತ್ತದೆ.

ತಲೆಗೀಟಿನ ದೊಡ್ಡ ಎ, ಪೌಂಡ್ ಚಿಹ್ನೆ, ಜರ್ಮನ್ ಎಸ್ ಕಂಡರೆ ಅದು ನುಡಿ ಅಥವಾ ಬರಹದ ಕಾಲದ್ದು. ಅದನ್ನು ಯುನಿಕೋಡಿಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಒತ್ತಕ್ಷರ, ಅರ್ಕಾವತ್ತು ತಪ್ಪಬಹುದು. ನಡುವೆ ಇಂಗ್ಲಿಷಿನಲ್ಲಿದ್ದ ಹೆಸರು, ವಿಳಾಸಗಳು ಅರ್ಥವಿಲ್ಲದ ಕನ್ನಡ ಆಗಿಬಿಡಬಹುದು.

ಸಾಲಿಡೀ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಮಾತ್ರ ಕಥೆ ಮುಗಿದ ಹಾಗೆ. ಕನ್ನಡ ಗೊತ್ತಿಲ್ಲದ ತಂತ್ರಾಂಶ ಯಾವಾಗಲೋ ಅದನ್ನು ಉಳಿಸುವಾಗ ಪ್ರತಿ ಅಕ್ಷರವನ್ನೂ ಪ್ರಶ್ನಾರ್ಥಕವಾಗಿ ಬದಲಾಯಿಸಿದೆ. ಹಳೆಯ ಸಂಖ್ಯೆ ಅಲ್ಲಿ ಇಲ್ಲ. ಕಾಗದದ ಪ್ರತಿ ಹುಡುಕಬೇಕು.

ಇದನ್ನೆಲ್ಲ ವಿವರವಾಗಿ ಬರೆಯಲು ಕಾರಣ ಇದೆ. ಓದಲು ಬಾರದ ಫೈಲನ್ನು ಕಸ ಎಂದು ಅಳಿಸುವವರು, ಹಳೆಯ ಕಂಪ್ಯೂಟರನ್ನು ಹಾಗೆಯೇ ಗುಜರಿಗೆ ಹಾಕುವವರು ಬಹಳ. ಆ ಕಸದಲ್ಲಿ ಮೂರು ಬಗೆಯದ್ದು ಕಸವಲ್ಲ, ನಮ್ಮವರ ಬರಹ. ಬ್ಯಾರಿಯಲ್ಲಿ ಪುಸ್ತಕವಾಗಿ ಬಂದದ್ದು ಕಡಿಮೆ, ಬಿಡಿಬಿಡಿಯಾಗಿ ಟೈಪಾದದ್ದೇ ಹೆಚ್ಚು. ಹಾಗಾಗಿ ಬೇರೆಯವರಿಗಿಂತ ನಮಗೆ ಈ ನಷ್ಟ ದೊಡ್ಡದು.

ಬ್ಯಾರಿ ಲಿಪಿಗೆ ಯಾವ ನಂಬರ್?

ಕೊನೆಯದಾಗಿ ಇಂದಿನ ಪ್ರಶ್ನೆ. ಈಚಿನ ವರ್ಷಗಳಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬ್ಯಾರಿಗೆಂದೇ ಒಂದು ಲಿಪಿ ಹೊರತಂದಿದೆ. ನಮ್ಮ ನೆರೆಯ ತುಳುವರ ಲಿಪಿ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ, 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ನೇ ಆವೃತ್ತಿಗೆ ಸೇರಿತು. ಅದರ ಹಿಂದೆ ಶತಮಾನಗಳ ತಾಳೆಗರಿ ಇತ್ತು. ಹಾಗಿದ್ದೂ ಅದಕ್ಕೆ ಹಲವು ವರ್ಷಗಳ ಚರ್ಚೆ ಬೇಕಾಯಿತು. ಹೊಸ ಲಿಪಿಯಾದರೆ ಯುನಿಕೋಡಿನವರು ಕೇಳುವ ಮೊದಲ ಪ್ರಶ್ನೆ: ಜನ ಇದನ್ನು ನಿಜವಾಗಿ ಬಳಸುತ್ತಿದ್ದಾರೆಯೇ? ಪುಸ್ತಕ, ಪತ್ರ, ಪಾಠ ಎಲ್ಲಿ?

ಆ ಸಾಕ್ಷಿ ಸೇರುವವರೆಗೆ ಯಾರಾದರೂ ಬ್ಯಾರಿ ಲಿಪಿಯ ಫಾಂಟ್ ಮಾಡಿಯೇ ಮಾಡುತ್ತಾರೆ, ಮಾಡಲಿ. ಆದರೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಅದನ್ನು ಕೂರಿಸಿದರೆ ನುಡಿಯ ಕಾಲದ ಕಷ್ಟ ಮತ್ತೆ ಶುರು. ಫಾಂಟ್ ಹೋದ ದಿನ ಬರಹವೂ ಹೋಗುತ್ತದೆ. ಅದಕ್ಕಿಂತ ಬರಹವನ್ನು ಕನ್ನಡದ ಸಂಖ್ಯೆಗಳಲ್ಲೇ ಇಟ್ಟು, ಚಿತ್ರವನ್ನು ಮಾತ್ರ ಬ್ಯಾರಿ ಲಿಪಿಯಲ್ಲಿ ತೋರಿಸುವ ಫಾಂಟ್ ವಾಸಿ. ಇದೂ ತಾತ್ಕಾಲಿಕ ಉಪಾಯವೇ, ಆದರೆ ಫಾಂಟ್ ಇಲ್ಲದವರಿಗೂ ಕನ್ನಡದಲ್ಲಿ ಓದಲು ಸಿಗುತ್ತದೆ. ಮುಂದೆ ಸ್ವಂತ ಸಂಖ್ಯೆ ಸಿಕ್ಕಿದರೆ ಒಂದೇ ದಿನದಲ್ಲಿ ಎಲ್ಲವನ್ನೂ ಬದಲಾಯಿಸಿಕೊಳ್ಳಬಹುದು.

ಲಿಪಿ ಯಾವುದು ಎಂಬ ಚರ್ಚೆ ನಮ್ಮಲ್ಲಿ ನಡೆಯಲಿ. ನಡೆಯುವಾಗ ನಮ್ಮ ಹಿರಿಯರು ಅರಬಿ, ಮಲಯಾಳ, ಕನ್ನಡ ಮೂರನ್ನೂ ಬಳಸಿ ಇದೇ ಮಾತನ್ನು ಉಳಿಸಿಕೊಂಡು ಬಂದರು ಎಂಬುದು ನೆನಪಿರಲಿ. ಕೂಡಲೇ ಆಗಬೇಕಾದ ಕೆಲಸ ಬೇರೆ ಇದೆ. ನಿಮ್ಮ ಮನೆಯ ಹಳೆಯ ಸಿಡಿ, ಪೆನ್‌ಡ್ರೈವ್, ಮೂಲೆಗೆ ಹಾಕಿದ ಕಂಪ್ಯೂಟರ್ ಒಮ್ಮೆ ತೆರೆದು ನೋಡಿ. ನಿಮ್ಮ ಜಮಾಅತಿನ ಸಂಚಿಕೆಯನ್ನು ಟೈಪ್ ಮಾಡಿದ ಡಿಟಿಪಿಯವರು ಇನ್ನೂ ಅಂಗಡಿ ನಡೆಸುತ್ತಿದ್ದರೆ ಹೋಗಿ ಕೇಳಿ. ಸಿಕ್ಕಿದ್ದನ್ನು ಯುನಿಕೋಡಿಗೆ ಬದಲಾಯಿಸಿ, ಓದಿ ತಿದ್ದಿ, ಎರಡು ಮೂರು ಕಡೆ ಉಳಿಸಿ. ಇನ್ನು ಮುಂದೆ ಮದುವೆ ಕಾಗದವೇ ಇರಲಿ, ಮಯ್ಯತ್ತಿನ ಸುದ್ದಿಯೇ ಇರಲಿ, ಟೈಪ್ ಮಾಡಿಸುವಾಗ 'ಯುನಿಕೋಡಿನಲ್ಲಿ ಮಾಡಿ' ಎಂದು ಒಂದು ಮಾತು ಹೇಳಿ. ಅದಕ್ಕೆ ಹೆಚ್ಚು ದುಡ್ಡು ಕೇಳುವವರಿಲ್ಲ.